ಅವ್ವ ವಾಪಸ್ ತಂದ ಕಸ

ಹೋದ ವರ್ಷ ನನ್ನ ತಂಗಿ ನೇತ್ರಾಳಿಗೆ ಐರ್ಲೆಂಡಿನಲ್ಲಿ ನರ್ಸ್ ಕೆಲಸ ಸಿಕ್ಕಿತು. ನಮ್ಮದು ಮೊಳಕಾಲ್ಮೂರು ತಾಲ್ಲೂಕಿನ ಕೊಂಡ್ಲಹಳ್ಳಿ. ಅವಳಿಗಿಂತ ಮುಂಚೆ ನಮ್ಮ ಮನೆಯಲ್ಲಿ ಯಾರೂ ವಿಮಾನ ಹತ್ತಿದವರಲ್ಲ.

ದೂರ ಹೊರಟವರು ತಲುಪುವ ತನಕ ನಮ್ಮಲ್ಲಿ ಮನೆ ಗುಡಿಸುವುದಿಲ್ಲ. ಅವ್ವ ಅಲ್ಲಿಯವರೆಗೆ ಊಟವನ್ನೂ ಮಾಡುವುದಿಲ್ಲ. ಅವಳಿಗೆ ಸಕ್ಕರೆ ಕಾಯಿಲೆ ಬೇರೆ. ಬೆಳಗಿನ ಜಾವ ನಾಲ್ಕಕ್ಕೆ ತಂಗಿ ಬೆಂಗಳೂರಿನಿಂದ ಫೋನ್ ಮಾಡಿ ವಿಮಾನ ಹತ್ತುತ್ತಿದ್ದೇನೆ ಅಂದಳು. ಅವ್ವ ನನ್ನನ್ನು ಕೇಳಿದಳು, "ಎಷ್ಟೊತ್ತಿಗೆ ಇಳೀತಾಳೆ?"

ನಾನು ಮೊಬೈಲಿನಲ್ಲಿ ಬೆಂಗಳೂರು, ಡಬ್ಲಿನ್ ಎರಡೂ ವಿಮಾನ ನಿಲ್ದಾಣಗಳ ಹೆಸರು ಹಾಕಿ ನೋಡಿದೆ. ಎಂಟು ಸಾವಿರ ಕಿಲೋಮೀಟರಿಗೂ ಹೆಚ್ಚು, ಸುಮಾರು ಹತ್ತು ಗಂಟೆಯ ಹಾರಾಟ ಎಂದು ತೋರಿಸಿತು. ದೋಹಾದಲ್ಲಿ ವಿಮಾನ ಬದಲಾಯಿಸಬೇಕೆಂದು ತಂಗಿ ಹೇಳಿದ್ದು ನೆನಪಿತ್ತು. ಚಳ್ಳಕೆರೆಯಲ್ಲಿ ಇಳಿದು ಮೊಳಕಾಲ್ಮೂರು ಬಸ್ಸು ಹತ್ತಿದ ಹಾಗೆ, ಸ್ವಲ್ಪ ಹೊತ್ತಿನ ಕೆಲಸ ಅಂದುಕೊಂಡೆ. "ಮೂರಕ್ಕೆಲ್ಲ ಇಳೀತಾಳೆ ಅವ್ವ" ಅಂದೆ.

ಮಧ್ಯಾಹ್ನ ಪಕ್ಕದ ಮನೆಯ ಓಬಮ್ಮತ್ತೆ ಬಂದಳು. ನಡುಮನೆ ತುಂಬ ಶೇಂಗಾ ಸಿಪ್ಪೆ ಬಿದ್ದಿತ್ತು.

"ಕುರಿ ಹಟ್ಟಿ ಆಗೈತಲ್ಲೇ ನಿನ್ ಮನೆ. ನೀನು ಕಸಬರಿಗೆ ಮುಟ್ಟಿದ್ರೆ ವಿಮಾನ ಬೀಳ್ತೈತಾ?"

"ಬೀಳಲ್ಲ ಅಂತ ನೀನು ಬರ್ಕೊಡು, ಗುಡಿಸ್ತೀನಿ" ಅಂದಳು ಅವ್ವ.

ಮೂರಾಯಿತು, ನಾಲ್ಕಾಯಿತು. ಫೋನ್ ಬರಲಿಲ್ಲ. ಅವ್ವ ಏಳಲು ಹೋಗಿ ತಲೆ ಸುತ್ತಿ ಗೋಡೆ ಹಿಡಿದುಕೊಂಡಳು. ಮಜ್ಜಿಗೆ ಕೊಟ್ಟರೆ ದೂರ ಸರಿಸಿದಳು. ನನಗೆ ಹೆದರಿಕೆಯಾಯಿತು. ಫೋನನ್ನು ಕಿವಿಗಿಟ್ಟುಕೊಂಡು ಅಂಗಳಕ್ಕೆ ಹೋದೆ. ಸ್ವಲ್ಪ ಹೊತ್ತು ನಿಂತು ಒಳಗೆ ಬಂದೆ.

"ಇಳಿದ್ಲಂತೆ. ಉಣ್ಣು."

"ದನಿ ಹೆಂಗಿತ್ತು?"

"ಚೆನ್ನಾಗಿತ್ತು."

ಅವ್ವ ಅರ್ಧ ಮುದ್ದೆ ಉಂಡಳು. ಆಮೇಲೆ ಮಂಚದ ಕೆಳಗೂ ಬಿಡದೆ ಮನೆಯೆಲ್ಲ ಗುಡಿಸಿದಳು.

ಸಂಜೆ ಅವ್ವನ ಫೋನಿಗೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ಅವ್ವನಿಗೆ ಕಿವಿ ಮಂದ. ಸ್ಪೀಕರ್ ಹಾಕಿಯೇ ಮಾತಾಡುವುದು. "ಅವ್ವಾ, ನಾನಿನ್ನೂ ದೋಹಾದಾಗೇ ಇದೀನಿ. ಬೆಳಿಗ್ಗೆಯಿಂದ ಇಲ್ಲೇ ಕೂತಿದೀನಿ. ಇದು ಕೇರಳದ ಅಕ್ಕ ಒಬ್ರ ಫೋನು. ಎರಡನೇ ವಿಮಾನಕ್ಕೆ ಈಗ ಕರೀತಿದಾರೆ."

"ಹುಷಾರು ಮಗಳೇ" ಅಂದಳು ಅವ್ವ. ನನ್ನ ಕಡೆ ನೋಡಲಿಲ್ಲ.

ಮೊರ ತೆಗೆದುಕೊಂಡು ಹಿತ್ತಲ ತಿಪ್ಪೆಗೆ ಹೋದಳು. ಸಿಪ್ಪೆ, ಧೂಳು, ಹಿಂದಿನ ದಿನ ತಂಗಿ ತಲೆ ಬಾಚಿದಾಗ ಉದುರಿದ ಕೂದಲು, ಎಲ್ಲವನ್ನೂ ಕೈಯಿಂದ ಗೋರಿ ತಂದು ನಡುಮನೆಯಲ್ಲಿ ಹರಡಿದಳು. ನಾನು ಮೊರ ಹಿಡಿಯಲು ಹೋದೆ.

"ಬ್ಯಾಡಪ್ಪ" ಅಂದಳು, ಸಿಟ್ಟಿಲ್ಲದೆ. "ಅವಳು ಇಳಿದ್ರೆ ಅವಳೇ ಹೇಳ್ತಾಳೆ. ನೀನು ಏನೂ ಹೇಳ್ಬ್ಯಾಡ."

ಡಬ್ಲಿನ್ನಿನಿಂದ ತಂಗಿಯ ದನಿ ಕೇಳುವ ತನಕ ಆ ಕಸದ ನಡುವೆಯೇ ಗೋಡೆಗೊರಗಿ ಕೂತಿದ್ದಳು. ತಾನು ಗುಡಿಸಿದ್ದಕ್ಕೇ ಮಗಳಿಗೆ ಏನಾದರೂ ಆದೀತೆಂಬ ಭಯ ಅವಳ ಮುಖದಲ್ಲಿತ್ತು. ಆ ಭಯ ತಂದಿಟ್ಟವನು ನಾನು.

ಅವ್ವ ಆ ಮಾತನ್ನು ಮತ್ತೆ ಎತ್ತಿಲ್ಲ. ಆದರೆ ಈಗಲೂ ನಾನು ಬಸ್ಸಿನ ಹೊತ್ತು ಹೇಳಿದರೂ ಹೂಂ ಅಂತಾಳೆ, ಆಮೇಲೆ ಓಬಮ್ಮತ್ತೆಯನ್ನು ಇನ್ನೊಂದು ಸಲ ಕೇಳುತ್ತಾಳೆ. ನಾನು ಕೇಳಿಸಿಕೊಳ್ಳದವನ ಹಾಗೆ ಒಳಗೆ ಹೋಗುತ್ತೇನೆ.