ಘೋಣಸಗಿ ಮಡ್ಡಿಯ ಹೂವು

ಫಟಫಟಿಯ ಸದ್ದು ಕೇಳಿದರೆ ವಿಜಾಪುರದ ಮಂದಿ ಮಾಡುವ ಕೆಲಸ ಬಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತಿದ್ದ ಕಾಲ ಅದು. ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಪುಣೆಯಲ್ಲಿ ಹರಾಜಿಗಿಟ್ಟ ಮೋಟಾರ್ ಸೈಕಲ್ಲೊಂದನ್ನು ಫೋಟೋ ತೆಗೆಯುವ ಹಣಮಂತರಾಯ ಕೊಂಡು ತಂದಿದ್ದ. ತಂದವನಿಗೆ ನಡೆಸಲು ಬರಬೇಕಲ್ಲ? ಹತ್ತಿದ ದಿನವೇ ಎಮ್ಮೆಗೆ ಗುದ್ದಿ ಮೊಣಕಾಲು ಒಡೆದುಕೊಂಡು ಮನೆ ಹಿಡಿದ. ಆಗ ಅವನ ಕಣ್ಣಿಗೆ ಬಿದ್ದವನು ಯಾಕೂಬ. ಬರ್ಮಾದ ಕಾಡಿನಲ್ಲಿ ಇಂಥದೇ ಗಾಡಿಯ ಮೇಲೆ ಪಲ್ಟಣದ ಟಪಾಲು ಹೊತ್ತು ತಿರುಗಿ ಬಂದವನು. ಕೈಕೆಲಸದಲ್ಲಿ ಚುರುಕು, ಮಾತು ಮಾತ್ರ ಕಡಿಮೆ. ಊಟಕ್ಕೆ ಕರೆದರೂ ಎರಡು ಸಲ ಕರೆಯಬೇಕು.

ರಾಯನ ಸ್ಟುಡಿಯೋದಲ್ಲಿ ಬಣ್ಣದ ಪರದೆ ಇತ್ತು. ಅದರ ಮೇಲೆ ಕಾರಂಜಿ, ಗುಲಾಬಿ, ಎರಡು ಹಂಸ. ಉಳ್ಳವರ ಮನೆಯ ಹುಡುಗರಿಗೆ ಅದು ಸಾಲದಾಯಿತು. ಫಟಫಟಿಯ ಮೇಲೆ ಕೂಡಬೇಕು, ಸುತ್ತ ನಿಜವಾದ ಹೂವಿರಬೇಕು, ಆಗ ಫೋಟೋ ತೆಗೆಸಿಕೊಳ್ಳಬೇಕು. ಅದೇನು ಹುಚ್ಚೋ. ನಮ್ಮ ಸೀಮೆಗೆ ಎರೆ ಮಣ್ಣನ್ನು ಧಾರಾಳವಾಗಿ ಕೊಟ್ಟ ದೇವರು ಹೂವು ಕೊಡುವಾಗ ಕೈ ಬಿಗಿ ಹಿಡಿದಿದ್ದಾನೆ. ಜೋಳದ ರಾಶಿಯಾದ ಮೇಲೆ ಹೊಲವೆಲ್ಲ ಬೋಳು. ನೇಗಿಲು ಹೋಗದ ಕಡೆ, ಹಳ್ಳದ ದಂಡೆಗೆ, ಕೆರೆಯ ಏರಿಗೆ ಒಂದಷ್ಟು ಹೂವು ಅರಳಿದರೆ ಅದೇ ಪುಣ್ಯ. ಅದನ್ನು ಹುಡುಕುವ ಕೆಲಸ ಯಾಕೂಬನಿಗೆ ಬಂತು. ಶಿವರಾತ್ರಿ ಕಳೆದದ್ದೇ ತಡ, ರೇಷನ್ ಪೆಟ್ರೋಲು ಹಾಕಿಕೊಂಡು ಒಬ್ಬನೇ ಹೋಗಿ ನೋಡಿ ಬರುತ್ತಿದ್ದ. ಭೂತನಾಳ ಕೆರೆಯ ಮಗ್ಗುಲಲ್ಲಿ ಎಕ್ಕಿ ಅರಳಿದೆ, ಕಾಖಂಡಕಿಯ ಹಳ್ಳದಲ್ಲಿ ಮುತ್ತಲ ಗಿಡ ಹೂಬಿಟ್ಟು ಕೆಂಪಾಗಿದೆ ಎಂದು ಹೇಳುತ್ತಿದ್ದ. ಮರುದಿನ ಕ್ಯಾಮರಾ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ರಾಯ ಹಿಂದೆ ಕೂಡುತ್ತಿದ್ದ.

ಒಂದು ಜಾಗವನ್ನು ಮಾತ್ರ ಯಾಕೂಬ ಯಾರಿಗೂ ಹೇಳಿರಲಿಲ್ಲ. ತಿಕೋಟಾ ದಾಟಿ ಘೋಣಸಗಿಗೆ ಹೋಗುವ ಹಾದಿಯಲ್ಲಿ ಒಂದು ಕಲ್ಲುಮಡ್ಡಿ ಇದೆ, ನೇಗಿಲು ಹೋಗದ ಬರಡು ದಿಬ್ಬ. ವಸಂತ ಬಂದರೆ ಆ ಮಡ್ಡಿಯ ತುಂಬ ತಂಗಡಿ ಹಳದಿಯಾಗಿ ಅರಳಿ ನಿಲ್ಲುತ್ತಿತ್ತು; ಗಿಡದ ಬುಡದಲ್ಲಿ ಹೆಸರು ಗೊತ್ತಿಲ್ಲದ ಸಣ್ಣ ನೀಲಿ ಹೂವು. ಅಲ್ಲಿ ಯಾರೂ ಆಡು ಬಿಡುತ್ತಿರಲಿಲ್ಲ, ಸೌದೆ ಕಡಿಯುತ್ತಿರಲಿಲ್ಲ. ಯಾಕೆಂದರೆ ಯುದ್ಧದ ನಡುವೆ ಕಾಲರಾ ಬಂದಾಗ, ಹೆಗಲು ಕೊಡುವವರು ಸಿಗದೆ, ಹಿಂದೂ ಮುಸಲ್ಮಾನ ಎನ್ನದೆ ಸತ್ತವರನ್ನೆಲ್ಲ ಅಲ್ಲೇ ಹೂತಿದ್ದರು. ಯಾಕೂಬನ ಹೆಂಡತಿ ಅಬೇದಾ ಅಲ್ಲಿದ್ದಳು. ಗಂಡ ಬರ್ಮಾದಲ್ಲಿದ್ದಾಗ ಘೋಣಸಗಿಯ ತವರಿಗೆ ಹೋದವಳು ಒಂದೇ ದಿನದಲ್ಲಿ ಮುಗಿದು ಹೋಗಿದ್ದಳು. ಅವಳದೊಂದು ಫೋಟೋ ಕೂಡ ಇರಲಿಲ್ಲ.

ಯುದ್ಧದಿಂದ ಬಂದವನಿಗೆ ಅತ್ತೆ ಪೀರಾಂಬಿ ಕೈಹಿಡಿದು ಜಾಗ ತೋರಿಸಿದ್ದಳು. ಸುತ್ತ ಜೋಡಿಸಿದ ಐದಾರು ಕಲ್ಲು, ತಲೆಯ ಕಡೆ ಒಂದು ತಂಗಡಿ ಗಿಡ. ಹೆಸರು ಕೆತ್ತಿಸಿದ ಕಲ್ಲು ನಿಲ್ಲಿಸುತ್ತೇನೆಂದು ಯಾಕೂಬ ಅಂದಾಗ ಮುದುಕಿ ಒಪ್ಪಲಿಲ್ಲ.

"ಮಗ್ಗಲಾಗ ಮಲಗಿದವ್ರಿಗೆ ಇಲ್ಲದ್ದು ನನ್ನ ಮಗಳಿಗೊಬ್ಬಾಕಿಗೆ ಯಾಕಪಾ? ನಿನಗ ಗುರುತ ಐತೆಲ್ಲ, ಸಾಕು."

ಹೌದು, ಗುರುತು ಇತ್ತು. ಶುಕ್ರವಾರ ಬಿಡುವಾದರೆ ಹೋಗಿ ಆ ಕಲ್ಲುಗಳ ಹತ್ತಿರ ಕೂತು ಫಾತಿಹಾ ಓದಿ ಬರುತ್ತಿದ್ದ. ಇಷ್ಟು ದೊಡ್ಡ ಲೋಕದಲ್ಲಿ ಅವನದು ಅಂತ ಇದ್ದದ್ದು ಆ ಆರು ಮೊಳ ನೆಲ.

ನಾಡು ಸ್ವತಂತ್ರವಾದ ಮರುವರ್ಷದ ವಸಂತ. ಬಬಲೇಶ್ವರದ ರುದ್ರವ್ವ ಬಾಡಿಗೆಯ ಮೋಟಾರು ಮಾಡಿಕೊಂಡು ಮಗ ಶಿವಯೋಗೆಪ್ಪನೊಂದಿಗೆ ಸ್ಟುಡಿಯೋಕ್ಕೆ ಬಂದಳು. ಹುಡುಗನಿಗೆ ಕ್ಷಯ. ಮಿರಜಿನ ದವಾಖಾನೆಗೆ ಹೊರಟಿದ್ದರು. ಕೆನ್ನೆ ಒಳಗೆ ಹೋಗಿತ್ತು, ಅಂಗಿ ಹ್ಯಾಂಗರಿಗೆ ತೂಗುಹಾಕಿದ ಹಾಗಿತ್ತು. ಹೂವಿನ ನಡುವೆ ಫಟಫಟಿಯ ಮೇಲೆ ಕೂತ ಫೋಟೋ ಬೇಕೆಂದು ಅವನು ತಾಯಿಯ ಬೆನ್ನು ಬಿದ್ದಿದ್ದನಂತೆ. ಆ ವರ್ಷ ಮಳೆ ಬೇಗ ಕೈಕೊಟ್ಟಿತ್ತು. ಭೂತನಾಳದಲ್ಲಿ ಎಕ್ಕಿ ಒಣಗಿತ್ತು. ಹಾದಿಯ ಎರಡೂ ಬದಿ ತಂಗಡಿಯನ್ನು ಒಲೆಗೆ ಕಡಿದುಕೊಂಡು ಹೋಗಿದ್ದರು. ಫಟಫಟಿ ಮುಂದೆ, ಮೋಟಾರು ಹಿಂದೆ, ಅಲ್ಲಿ ಇಲ್ಲಿ ಅಲೆದು ಅಲೆದು ತಿಕೋಟಾ ಬಂತು, ಹೂವು ಬರಲಿಲ್ಲ. ಹುಡುಗ ಮೋಟಾರಿನ ಕಿಟಕಿಗೆ ತಲೆ ಆನಿಸಿ ಕೆಮ್ಮುತ್ತಿದ್ದ.

ರುದ್ರವ್ವ ಇಳಿದು ಯಾಕೂಬನ ಹತ್ತಿರ ಬಂದಳು.

"ಯಪ್ಪಾ, ಇಂವ ತಿರುಗಿ ಬರ್ತಾನಂತ ನನಗ ಧೈರ್ಯಿಲ್ಲ. ಹೆತ್ತಾಕಿ ಬಾಯಾಗ ಇಂಥಾ ಮಾತ ಬರಬಾರದು, ಬಂತು. ಎಲ್ಲ್ಯರ ನಾಕ ಹೂವಿದ್ದಲ್ಲಿ ಕರಕೊಂಡ ಹೋಗು. ನನ್ನ ಕಡೆ ಇಂವಂದು ಒಂದೂ ಫೋಟೋ ಇಲ್ಲ."

ಇಲ್ಲ ಎನ್ನಲು ಬಾಯಿ ತೆರೆದ ಯಾಕೂಬನನ್ನು ಆ ಕೊನೆಯ ಮಾತು ತಡೆಯಿತು. ಫೋಟೋ ಇಲ್ಲದ ಸಂಕಟ ಏನೆಂದು ಅವನಿಗೆ ಹೇಳಿಕೊಡಬೇಕೇ? ಗಾಡಿಯನ್ನು ಘೋಣಸಗಿಯ ಹಾದಿಗೆ ತಿರುಗಿಸಿದ.

ಅಬೇದಾಳ ಕಲ್ಲುಗಳಿಂದ ದೂರದಲ್ಲಿ, ಮಡ್ಡಿಯ ಅಂಚಿಗೆ ಫಟಫಟಿ ನಿಲ್ಲಿಸಿದ. ಶಿವಯೋಗೆಪ್ಪ ಮೇಲೆ ಕೂತು ಎರಡೂ ಕೈ ಹ್ಯಾಂಡಲಿಗೆ ಕೊಟ್ಟ. ಹಿಂದೆ ಮುಂದೆ ಹಳದಿಯೋ ಹಳದಿ. ಹುಡುಗ ನಕ್ಕ. ರಾಯ ಕರಿ ಬಟ್ಟೆಯೊಳಗಿಂದ ತಲೆ ಹೊರಗೆ ತೆಗೆದು, ಇಂಥ ಜಾಗವನ್ನು ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆಯೋ ಎಂದು ಕೇಳಿದ. ಯಾಕೂಬ ಅವನನ್ನು ಬದಿಗೆ ಕರೆದ.

"ರಾಯರ, ಈ ಜಾಗಾ ಯಾರಿಗೂ ಹೇಳಬ್ಯಾಡ್ರಿ. ನನ್ನ ಹೇಣತಿ ಇಲ್ಲಿ ಮಣ್ಣಾಗ್ಯಾಳ."

ರಾಯನ ಮುಖ ಸಣ್ಣದಾಯಿತು. "ದೇವರಾಣಿ ಹೇಳೂದಿಲ್ಲೋ" ಎಂದ. ಹೇಳಲೂ ಇಲ್ಲ. ಆದರೆ ಜನ್ಮದಲ್ಲಿ ಅಂಥ ಫೋಟೋ ತೆಗೆದಿರದ ಮನುಷ್ಯ ಅದನ್ನು ದೊಡ್ಡದು ಮಾಡಿಸಿ ಅಂಗಡಿಯ ಗಾಜಿನಲ್ಲಿ ತೂಗುಹಾಕಿದ. ಜಾಗದ ಹೆಸರು ಹೇಳಲು ಬಾಡಿಗೆ ಮೋಟಾರಿನ ಡ್ರೈವರ್ ಇದ್ದನಲ್ಲ, ಅವನ ಬಾಯಿಗೆ ಬೀಗ ಹಾಕುವವರು ಯಾರು?

ಶಿವಯೋಗೆಪ್ಪ ಮಿರಜಿನಿಂದ ತಿರುಗಿ ಬರಲಿಲ್ಲ. ರುದ್ರವ್ವ ಆ ಫೋಟೋಕ್ಕೆ ವಿಭೂತಿ ಹಚ್ಚಿ ದೇವರ ಜಗಲಿಯ ಮೇಲಿಟ್ಟಳು. ಯಾಕೂಬ ಆಮೇಲೆ ಮಡ್ಡಿಗೆ ಆದದ್ದಕ್ಕೆ ಯಾರನ್ನಾದರೂ ಬೈಯಬೇಕೆಂದು ಹೊರಟಾಗಲೆಲ್ಲ ಆ ತಾಯಿಯ ನೆನಪಾಗಿ ಸುಮ್ಮನಾಗುತ್ತಿದ್ದ.

ಮರುವರ್ಷ ಶಿವರಾತ್ರಿಯಿಂದ ಯುಗಾದಿಯವರೆಗೆ ಯಾಕೂಬ ಚಳಿಜ್ವರ ಬಂದು ಮಲಗಿದ. ಎದ್ದು ಮಡ್ಡಿಗೆ ಹೋದಾಗ ತನ್ನ ಕಣ್ಣನ್ನು ತಾನೇ ನಂಬಲಿಲ್ಲ. ಸೊಲ್ಲಾಪುರದಿಂದಲೂ ಫಟಫಟಿ ತಂದವರಿದ್ದರಂತೆ. ಟಾಂಗಾ ಮಾಡಿಕೊಂಡು ಬಂದವರು, ಸೈಕಲ್ ಮೇಲೆ ಬಂದವರು, ಬುತ್ತಿ ಕಟ್ಟಿಕೊಂಡು ಬಂದವರು. ಉಳ್ಳವರೇ ಅಂಜದೆ ಓಡಾಡುವುದನ್ನು ಕಂಡು ಊರವರ ಅಂಜಿಕೆಯೂ ಹೋಗಿ, ಆಡುಗಳೂ ಒಳಗೆ ಬಂದಿದ್ದವು. ತಂಗಡಿಯನ್ನು ಟೊಂಗೆ ಸಮೇತ ಮುರಿದಿದ್ದರು. ಗಿಡದ ಬುಡದ ಸಡಿಲ ಮಣ್ಣಿನಲ್ಲಿ ಫಟಫಟಿಯ ಸ್ಟ್ಯಾಂಡು ಹೂತುಹೋಗದಿರಲೆಂದು ಸಿಕ್ಕ ಸಿಕ್ಕ ಕಲ್ಲು ಕಿತ್ತು ಕೆಳಗೆ ಕೊಟ್ಟಿದ್ದರು. ಅಬೇದಾಳ ಕಲ್ಲು ಯಾವುದು, ಬೇರೆಯವರ ಕಲ್ಲು ಯಾವುದು? ಹೊತ್ತು ಮುಳುಗುವ ತನಕ ಹುಡುಕಿದ. ಇಲ್ಲೇ ಅನ್ನಿಸಿ ಕೂಡುತ್ತಿದ್ದ, ಅಲ್ಲವೆನ್ನಿಸಿ ಏಳುತ್ತಿದ್ದ. ಕೊನೆಗೆ ಮಡ್ಡಿಯ ನಡುವೆ ನಿಂತು ಹೆಂಗಸರ ಹಾಗೆ ಅತ್ತ.

ಪೀರಾಂಬಿಗೆ ಅಷ್ಟರಲ್ಲಿ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ರಮಜಾನಿನ ಮುಂಚೆ ಒಂದು ದಿನ, ಮಗಳ ಹತ್ತಿರ ಕರೆದುಕೊಂಡು ಹೋಗು ಎಂದು ಹಟ ಹಿಡಿದಳು. ಯಾಕೂಬ ಏನೇನೋ ನೆವ ಹೇಳಿ ನೋಡಿದ. ಆಗಲಿಲ್ಲ. ಕೈಹಿಡಿದು ನಡೆಸಿಕೊಂಡು ಹೋಗಿ, ಮಡ್ಡಿಯ ಒಂದು ಕಡೆ ಕೂಡಿಸಿದ.

"ಇಲ್ಲೇ ಅಮ್ಮಾ."

ಮುದುಕಿ ನೆಲ ಸವರಿದಳು. "ಕಲ್ಲ ಎಲ್ಲ್ಯೋ?"

"ಮಳಿಗೆ ಮಣ್ಣ ಹರದ ಬಂದು ಮುಚ್ಚ್ಯಾವ."

ಅವಳು ನಂಬಿದಳು. ತಂದ ಮಲ್ಲಿಗೆಯನ್ನು ಅಲ್ಲಿ ಬಿಡಿಸಿ ಹಾಕಿ, ಅಬೇದಾಳ ಹೆಸರು ಹಿಡಿದು, ಊರ ಸುದ್ದಿ, ತನ್ನ ಮಂಡಿನೋವು, ಯಾಕೂಬ ಸೊರಗಿದ್ದು ಎಲ್ಲ ಹೇಳಿದಳು. ಅವನು ಪಕ್ಕದಲ್ಲಿ ಕೂತು ಕೇಳಿದ. ಏಳುವಾಗ ಮುದುಕಿ ಅವನ ಮೊಣಕೈ ಗಟ್ಟಿಯಾಗಿ ಹಿಡಿದುಕೊಂಡಳು.

"ನಾ ಹೋದ್ರ ಗೋರಿಸ್ತಾನಕ್ಕ ಒಯ್ಯಬ್ಯಾಡ. ಈಕಿ ಮಗ್ಗಲಾಗ ಇಡು. ಕೂಸ ಒಬ್ಬಾಕಿನ ಮಲಗ್ಯಾಳ."

ಮಳೆಗಾಲದ ನಡುವೆ ಪೀರಾಂಬಿ ತೀರಿಕೊಂಡಳು. ಅವಳ ಕೊನೆಯ ಆಸೆ ಊರಿಗೆಲ್ಲ ಗೊತ್ತಿತ್ತು, ಹೋದಲ್ಲೆಲ್ಲ ಹೇಳಿಕೊಂಡಿದ್ದಳು. ಗೋರಿ ಅಗೆಯುವ ದಾವಲಸಾಬ ಸಲಿಕೆ ಹೊತ್ತು ಮಡ್ಡಿಗೆ ಬಂದ. ಯಾಕೂಬ ತೋರಿಸಿದ ಕಡೆ ಒಂದು ಮೊಳ ಅಗೆದು, ಬೆವರು ಒರೆಸಿಕೊಳ್ಳುತ್ತ ಸುತ್ತ ನೋಡಿದ. ಜನಾಜಾ ಹೊತ್ತು ತಂದವರೆಲ್ಲ ಮಳೆಯಲ್ಲಿ ನಿಂತಿದ್ದರು.

"ಮಗ್ಗಲದ್ದು ಅಬೇದಾಂದು ಹೌದಲ್ಲೋ? ಗುರುತೇನೂ ಕಾಣಂಗಿಲ್ಲ. ನಿನಗ ಖಾತ್ರಿ ಐತೇನು?"

ಎಲ್ಲರೂ ಯಾಕೂಬನ ಮುಖ ನೋಡಿದರು.

"ಆಕೀದ ಐತಿ" ಎಂದ ಯಾಕೂಬ. "ಅಗಿ."