ಪಾಲಕ್ಕನ ಬಾಗಿಲ ಬೇವು

ಮೊನ್ನೆ ಬೆಳಿಗ್ಗೆ ಹಾಲು ತರಲು ಹೊರಟವನು ಮೂಲೆಮನೆಯ ಮುಂದೆ ನಿಂತುಬಿಟ್ಟೆ. ಬಾಗಿಲ ಚೌಕಟ್ಟಿಗೆ ಬೇವಿನ ಸೊಪ್ಪು ಸಿಕ್ಕಿಸಿದ್ದರು. ಆ ಮನೆಯ ಮಗುವಿಗೆ ಅಮ್ಮ ಬಂದಿದೆಯಂತೆ. ಇಂಗ್ಲಿಷಿನಲ್ಲಿ ಹೇಳುವುದಾದರೆ ಚಿಕನ್‌ಪಾಕ್ಸ್. ಉದುರಿದ ಎಲೆಗಳನ್ನು ಯಾರೋ ತುಳಿದು ಹೋಗಿದ್ದರು, ಕಹಿ ವಾಸನೆ ಏಳುತ್ತಿತ್ತು. ಬೇವಿನ ಗಾಳಿ ಒಳ್ಳೆಯದು ಎಂದು ಎಲ್ಲರೂ ಹೇಳುತ್ತಾರೆ. ನನಗೆ ಮಾತ್ರ ಆ ವಾಸನೆ ಬಂದರೆ ಎದುರುಮನೆಯ ತಿಪ್ಪೇಸ್ವಾಮಣ್ಣನ ನೆನಪಾಗುತ್ತದೆ.

ನಿಮ್ಮ ಕಡೆಯೂ ಈ ಪದ್ಧತಿ ಇದ್ದೀತು. ಬಾಗಿಲಲ್ಲಿ ಬೇವು ಕಂಡರೆ ಆ ಮನೆಗೆ ಯಾರೂ ಕಾಲಿಡುವುದಿಲ್ಲ. ಹೇಗಿದೆ, ಎಲ್ಲಿಂದ ಬಂತು ಎಂದು ಕೇಳುವುದೂ ಇಲ್ಲ. ಮಜ್ಜಿಗೆಯನ್ನೋ ಎಳನೀರನ್ನೋ ಕಟ್ಟೆಯ ಮೇಲಿಟ್ಟು ಸುಮ್ಮನೆ ಬರುತ್ತೇವೆ. ಒಗ್ಗರಣೆಯ ಘಾಟು ಹೋಗಬಾರದೆಂದು ಅಕ್ಕಪಕ್ಕದವರೂ ಸಪ್ಪೆ ಸಾರಿನಲ್ಲೇ ದಿನ ದೂಡುತ್ತಾರೆ. ಬಂದವಳು ಅಮ್ಮ ತಾನೆ, ನಾಚಿಕೆಪಡುವಂಥದ್ದು ಏನಿದೆ?

ಕೊರೊನಾಕ್ಕೆ ಈ ಮರ್ಯಾದೆ ಸಿಗಲಿಲ್ಲ. ಲಾಕ್‌ಡೌನಿನ ಆ ದಿನಗಳಲ್ಲಿ ಹಿರಿಯೂರಿನ ನಮ್ಮ ಬೀದಿಯ ಗಂಡಸರಿಗೆ ಒಂದೇ ಉದ್ಯೋಗ, ಸಂಜೆ ಮೊಬೈಲಿಗೆ ಬರುವ ಜಿಲ್ಲೆಯ ಬುಲೆಟಿನ್ ಕೇಳುವುದು. ಚಿತ್ರದುರ್ಗಕ್ಕೆ ಇಷ್ಟು, ಹೊಸದುರ್ಗಕ್ಕೆ ಇಷ್ಟು, ಹೊಳಲ್ಕೆರೆಗೆ ಇಷ್ಟು, ನಮಗೆ ಇಷ್ಟು. ಟೀ ಅಂಗಡಿಯ ರುದ್ರಣ್ಣ ಷಟರ್ ಅರ್ಧ ಇಳಿಸಿ ಒಳಗಿಂದ ಓದುತ್ತಿದ್ದ, ನಾವು ಹೊರಗೆ ದೂರ ದೂರ ನಿಂತು ಕೇಳುತ್ತಿದ್ದೆವು. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಹೇಗೋ ದಡ ಮುಟ್ಟಿದ ನಾನು ಹೊಸದುರ್ಗದ ಏರಿಳಿತದ ಬಗ್ಗೆ ಭಾಷಣ ಬಿಗಿಯುತ್ತಿದ್ದೆ. ಹೊಳಲ್ಕೆರೆಯಲ್ಲಿ ಹೆಚ್ಚಾಗಿ ನಮ್ಮಲ್ಲಿ ಕಡಿಮೆಯಾದರೆ ಪಂದ್ಯ ಗೆದ್ದಷ್ಟು ಸಮಾಧಾನ. ಈಗ ನೆನೆದರೆ ಮುಜುಗರವಾಗುತ್ತದೆ.

ಬುಲೆಟಿನ್ನಿನಲ್ಲಿ ತಾಲ್ಲೂಕಿನ ಹೆಸರಿರುತ್ತಿತ್ತು, ಬೀದಿಯ ಹೆಸರಿರುತ್ತಿರಲಿಲ್ಲ. ಜಗಳ ಹುಟ್ಟುತ್ತಿದ್ದುದೇ ಅಲ್ಲಿ. ಬೀದಿಯ ಹೆಸರು ಹೇಳಲೇಬೇಕು ಎಂದು ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವನು ನಮ್ಮ ಎದುರುಮನೆಯ ತಿಪ್ಪೇಸ್ವಾಮಣ್ಣ. ಹರಿಯಬ್ಬೆ ಹಳ್ಳಿಯ ಕುರಿ ಸಾಕುವ ಮನೆತನದವನು, ಕುರಿ ಸಂತೆಯಲ್ಲಿ ದಲ್ಲಾಳಿ. ಟವೆಲ್ಲಿನಡಿ ಬೆರಳು ಹಿಡಿದು ಗುಟ್ಟಾಗಿ ಬೆಲೆ ಕುದುರಿಸುವ ಕಸುಬು ಅವನದು. ರೋಗದ ಮಾತು ಬಂದರೆ ಮಾತ್ರ ಅವನಿಗೆ ಗುಟ್ಟು ಆಗುತ್ತಿರಲಿಲ್ಲ.

“ರೇಟು ಮುಚ್ಚಿಡಬಹುದಪ್ಪ, ರೋಗ ಮುಚ್ಚಿಡಬಾರ್ದು. ನಮ್ಮ ಮಂದ್ಯಾಗೆ ಒಂದು ಕುರಿ ಜೊಲ್ಲು ಸುರಿಸಿದ್ರೆ ಸಾಕು, ಪಕ್ಕದ ಮಂದೆಯೋರಿಗೆ ಕೂಗಿ ಹೇಳ್ತೀವಿ, ಈ ಕಡೆ ಬರಬ್ಯಾಡ್ರಿ ಅಂತ. ಮನುಷ್ರಿಗೆ ಯಾಕೆ ಗುಟ್ಟು? ಯಾವ ಬೀದಿ, ಯಾವ ಮನೆ, ಹೇಳಲಿ!”

“ಹೇಳಿದ್ರೆ ಆ ಮನೆಯೋರ್ನ ಬದುಕಾಕೆ ಬಿಡ್ತೀರೇನ್ರಿ?” ಎಂದು ರುದ್ರಣ್ಣ ಒಳಗಿಂದ ಕೇಳುತ್ತಿದ್ದ.

ಅವನ ಮಾತೂ ಸುಳ್ಳಲ್ಲ. ಆಸ್ಪತ್ರೆಯಿಂದ ಗುಣವಾಗಿ ಬಂದ ಹಿಂದಿನ ಬೀದಿಯ ಹೆಂಗಸೊಬ್ಬಳಿಗೆ ನಲ್ಲಿಯ ಹತ್ತಿರ ಕೊಡ ಇಡಲು ಯಾರೂ ಬಿಟ್ಟಿರಲಿಲ್ಲ. ನಾವೆಲ್ಲ ಕಣ್ಣಾರೆ ಕಂಡಿದ್ದೆವು. ಹಾಗಾಗಿ ನಾನು ಒಂದು ದಿನ ತಿಪ್ಪೇಸ್ವಾಮಣ್ಣನ ಪಕ್ಷ, ಮಾರನೆಯ ದಿನ ರುದ್ರಣ್ಣನ ಪಕ್ಷ. ಅತ್ತ ದರಿ ಇತ್ತ ಪುಲಿ ಎನ್ನುತ್ತಾರಲ್ಲ, ಹಾಗೆ.

ಒಂದು ಸಂಜೆ ತಿಪ್ಪೇಸ್ವಾಮಣ್ಣ ಬರಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಅವನ ಬಾಗಿಲಿಗೆ ಬೇವಿನ ಸೊಪ್ಪು. ಅವನ ಹೆಂಡತಿ ಪಾಲಕ್ಕ ಹೊಸಲಿನ ಒಳಗೇ ನಿಂತು, “ನಿಮ್ಮಣ್ಣಂಗೆ ಅಮ್ಮ ಬಂದೈತೆ. ಯಾರೂ ಬರಬ್ಯಾಡ್ರಿ” ಎಂದಳು.

ದೊಡ್ಡವರಿಗೆ ಅಮ್ಮ ಬರಬಾರದೆಂದೇನೂ ಇಲ್ಲ. ಆದರೆ ಆ ಮನೆಯಿಂದ ಹಗಲೆಲ್ಲ ಕೆಮ್ಮು ಕೇಳಿಸುತ್ತಿತ್ತು. ಅಮ್ಮ ಬಂದವರು ಹಾಗೆ ಕೆಮ್ಮುವುದಿಲ್ಲ. ಬೀದಿಗೆಲ್ಲ ಗೊತ್ತಾಯಿತು, ಬೀದಿಯೆಲ್ಲ ಗೊತ್ತಿಲ್ಲದಂತೆ ಇತ್ತು. ಪಾಲಕ್ಕ ಹೊರಗೆ ಬರಲಿಲ್ಲ, ಯಾರನ್ನೂ ಒಳಗೆ ಬಿಡಲಿಲ್ಲ. ನಾವು ಮೊಸರನ್ನ ಕಟ್ಟೆಯ ಮೇಲಿಟ್ಟು ದೂರ ಸರಿಯುತ್ತಿದ್ದೆವು. ಸೀಲ್‌ಡೌನ್ ಎಂದು ಬೀದಿಯ ಬಾಯಿಗೆ ತಗಡು ಬಡಿಯಲಿಲ್ಲ, ಹಾಲು ತರಕಾರಿ ನಿಲ್ಲಲಿಲ್ಲ, ಬೇರೆ ಮನೆಗೆ ಜ್ವರ ದಾಟಲಿಲ್ಲ. ಪಾಲಕ್ಕ ಬುದ್ಧಿವಂತೆ ಎಂದು ಮನಸ್ಸಿನಲ್ಲೇ ಹೊಗಳಿಕೊಂಡೆವು. ನಾವು ಹೊಗಳುತ್ತಿದ್ದಷ್ಟು ದಿನವೂ ತಿಪ್ಪೇಸ್ವಾಮಣ್ಣ ಆಸ್ಪತ್ರೆಯ ಮುಖ ಕಾಣದೆ ಮಲಗಿದ್ದ.

ಕೆಮ್ಮು ನಿಂತಾಗ ಗುಣವಾಯಿತೇನೋ ಅಂದುಕೊಂಡೆವು. ಆಮೇಲೆ ಪಾಲಕ್ಕನ ಅಳು ಕೇಳಿಸಿತು. ಹರಿಯಬ್ಬೆಯಿಂದ ಅವನ ತಮ್ಮ ಗಾಡಿ ತಂದ. ಊರ ಹೊಲದಲ್ಲಿ ಮಣ್ಣು ಮಾಡಿದರಂತೆ. ನಮ್ಮಲ್ಲಿ ಯಾರೂ ಹೋಗಲಿಲ್ಲ.

ಆ ಸಂಜೆಯೂ ರುದ್ರಣ್ಣ ಬುಲೆಟಿನ್ ಓದಿದ. ಹಿರಿಯೂರಿನಲ್ಲಿ ಸಾವಿಲ್ಲ ಎಂದಿತ್ತು. ಬರೆದವರ ತಪ್ಪಲ್ಲ, ಅವರಿಗೆ ಹೇಳಿದವರೇ ಇರಲಿಲ್ಲ. ಲೆಕ್ಕ ಮುಚ್ಚಿಡುತ್ತಾರೆ, ಎಲ್ಲ ಸುಳ್ಳು ಎಂದು ದಿನವೂ ಬೈಯುತ್ತಿದ್ದ ನಾವು ಅವತ್ತು ತುಟಿ ಬಿಚ್ಚದೆ ಮನೆಗೆ ಹೋದೆವು. ಎದುರಿನ ಬಾಗಿಲಲ್ಲಿ ಬೇವು ಒಣಗುತ್ತಿತ್ತು. ಅದನ್ನು ಪಾಲಕ್ಕ ಬಹಳ ದಿನ ತೆಗೆಯಲಿಲ್ಲ.

ಇಷ್ಟೆಲ್ಲ ನೆನೆಯುತ್ತಾ ಮೊನ್ನೆ ಹಾಲಿಗೆಂದು ರುದ್ರಣ್ಣನ ಅಂಗಡಿಗೆ ಹೋದರೆ, ಅಲ್ಲಿ ಹಳೆಯ ಜಗಳವೇ ಮತ್ತೆ ಕುದಿಯುತ್ತಿತ್ತು. ಎಲ್ಲೋ ಮತ್ತೆ ಜ್ವರದ ಸುದ್ದಿ ಬಂದಿದೆಯಂತೆ. ಹೆಸರು ಹೇಳಬೇಕೋ ಬೇಡವೋ ಎಂದು ಹೊಸ ಹುಡುಗರು ಮೊಬೈಲು ಹಿಡಿದು ಕಿತ್ತಾಡುತ್ತಿದ್ದರು. ರುದ್ರಣ್ಣ ಟೀ ಸೋಸುತ್ತಾ, “ಏನೇ ಅನ್ರಿ, ಆವಾಗ ನಮ್ಮ ಬೀದ್ಯಾಗೆ ಒಂದೂ ಕೇಸ್ ಆಗ್ಲಿಲ್ಲ” ಎಂದ. ಅವನು ಎಷ್ಟೋ ಸಲ ಆಡಿದ ಮಾತು ಅದು. ಕೇಳಿದಾಗಲೆಲ್ಲ ನಾವು ತಲೆದೂಗುತ್ತೇವೆ. ನನ್ನ ತಲೆ ಅವತ್ತೂ ಅರ್ಧ ಆಡಿತ್ತು.

“ಒಂದಾಗಿತ್ತು, ರುದ್ರಣ್ಣ.”

ಹಾಲಿಗೆಂದು ಬಂದ ಪಾಲಕ್ಕ ಹಿಂದೆ ನಿಂತಿದ್ದಳು. ಅವಳನ್ನು ಯಾರೂ ಗಮನಿಸಿರಲಿಲ್ಲ.

“ನಮ್ಮನೇದು. ಹೇಳು, ಹೇಳು ಅಂತ ಅವ್ರು ಕೈಸನ್ನೆ ಮಾಡ್ತಿದ್ರು, ಮಾತಾಡಾಕೆ ಉಸಿರಿರಲಿಲ್ಲ. ಹೇಳಿದ್ರೆ ನಾಳೆ ನಲ್ಲಿತಾವ ನನ್ನ ಕೊಡ ಇಡಾಕೆ ಬಿಡಾಕಿಲ್ಲ ಅಂತ ಹೆದರ್ಕಂಡೆ. ಕೂಗಿ ಹೇಳೋ ಮನುಷ್ಯನ್ನ ಬೇವಿನ ಸೊಪ್ಪಿನಾಗೆ ಮುಚ್ಚಿಟ್ಟೆ.”

“ನಮಗೆಲ್ಲ ಗೊತ್ತಿತ್ತು ಅಕ್ಕ” ಎಂದೆ. ಸಮಾಧಾನಕ್ಕೆಂದು ಆಡಿದ ಮಾತು.

“ಗೊತ್ತಿತ್ತು ಅಂತ ನಂಗೂ ಗೊತ್ತಪ್ಪ. ಒಬ್ರಾದ್ರೂ ಬಾಯಿಬಿಟ್ಟು ಅನ್ನಲಿ ಅಂತ ಇಷ್ಟು ವರ್ಷ ಕಾದೆ. ಕಡೀಗೆ ನಾನೇ ಅನ್ನಬೇಕಾತು.”

ಹಾಲು ತಗೊಂಡು ಹೊರಟುಹೋದಳು. ರುದ್ರಣ್ಣ ಸೋಸುವುದನ್ನು ಮರೆತು ನಿಂತಿದ್ದ. ಯಾರಿಗೂ ಟೀ ಬೇಕಾಗಲಿಲ್ಲ.

ವಾಪಸು ಬರುವಾಗ ಮೂಲೆಮನೆಯ ಕಟ್ಟೆಯ ಮೇಲೆ ಒಂದು ಪ್ಯಾಕೆಟ್ ಹಾಲು ಇಟ್ಟೆ. ಇಟ್ಟು ಸುಮ್ಮನೆ ಹೋಗುವುದು ವಾಡಿಕೆ. ಎರಡು ಹೆಜ್ಜೆ ಹೋದವನು ತಿರುಗಿ ನಿಂತು, ಬೇವು ಕಟ್ಟಿದ ಮನೆಯ ಮುಂದೆ ಕೇಳಬಾರದ್ದನ್ನು ಬೀದಿಗೆಲ್ಲ ಕೇಳುವ ಹಾಗೆ ಕೂಗಿ ಕೇಳಿದೆ:

“ಮಗು ಹೆಂಗೈತ್ರಿ? ಡಾಕ್ಟರಿಗೆ ತೋರ್ಸಿದ್ರಾ?”