ಅತ್ತೆ ಕೇಳಿದ ಸಂಬಳ

ನನ್ನ ಅತ್ತೆ ಇವತ್ತು ಬೆಳಿಗ್ಗೆ ತಮ್ಮ ಜನ್ಮದಲ್ಲೇ ಮೊದಲ ಸಲ ಬಾಯಿಬಿಟ್ಟು ಸಂಬಳ ಕೇಳಿದರು. ಮಗು ಮಧ್ಯಾಹ್ನದ ನಿದ್ದೆಯಲ್ಲಿದೆ. ಏಳುವ ಮೊದಲು ಬರೆದಿಡುತ್ತೇನೆ.

ಹತ್ತೊಂಬತ್ತರ ವಯಸ್ಸಿನಲ್ಲಿ ಟೈಲರ್ ಅಂಗಡಿಗೆ ಗುಂಡಿ ಹಚ್ಚಲು ಸೇರಿದವರು ಅತ್ತೆ. ಕಟಿಂಗ್ ಮಾಸ್ಟರ್ ಕೆಲಸ ಬಿಟ್ಟಾಗ ಯಜಮಾನರು, "ಹೊಸಬರು ಸಿಗೋ ತನಕ ಕತ್ತರಿ ನೀನೇ ಹಿಡಿ" ಎಂದರಂತೆ. ಹನ್ನೊಂದು ವರ್ಷವಾಯಿತು, ಹೊಸಬರು ಇನ್ನೂ ಸಿಕ್ಕಿಲ್ಲ. ಕತ್ತರಿ ಮಾಸ್ಟರದು, ಸಂಬಳ ಹೊಲಿಯುವವರದು. ರಾತ್ರಿ ಎಂಟು ಗಂಟೆಯವರೆಗೂ ದುಡಿದರೂ ಅತ್ತೆ ತುಟಿಪಿಟಕ್ಕೆನ್ನಲಿಲ್ಲ.

ಹೋದ ವಾರ, ಹೆರಿಗೆಗೆ ಮುಂಚೆ ನಾನು ಕೆಲಸಕ್ಕಿದ್ದ ದಂತವೈದ್ಯರು ಕ್ಲಿನಿಕ್‌ಗೆ ಮತ್ತೆ ಕರೆದರು. ಸಂಜೆ ಐದರಿಂದ ಕೆಲಸ. ಗಂಡ ಮನೆ ಮುಟ್ಟುವುದೇ ಎಂಟೂವರೆಗೆ, ಮಗುವನ್ನು ಯಾರ ಕೈಗಿಡಲಿ? ಆಸೆ ಬಿಟ್ಟಿದ್ದೆ. ಎರಡು ದಿನ ಬಿಟ್ಟು ಅತ್ತೆ ಹೇಳಿದರು:

"ಸೇತುವೆ ಹತ್ರದ ಅಂಗಡೀಲಿ ಕಟಿಂಗ್‌ಗೆ ಜನ ಬೇಕಂತೆ. ನಾಲ್ಕೂವರೆಗೆ ಬಿಡ್ತಾರಾ ಕೇಳೋಣ. ನೀನೂ ಬಾ, ಒಬ್ಬಳೇ ಹೋದ್ರೆ ನಂಗೆ ನಾಲಿಗೆ ಏಳಲ್ಲ."

ಮನೆಯಲ್ಲೇ ತಾಲೀಮು ಶುರುವಾಯಿತು. ಅಂಗಡಿ ಯಜಮಾನಿಯ ಪಾತ್ರ ನನ್ನದು.

"ಎಷ್ಟು ಬೇಕಮ್ಮಾ?"

"ನೀವೇ ನೋಡಿ ಕೊಡಿ."

"ಅಯ್ಯೋ ಅತ್ತೇ!"

ಇಪ್ಪತ್ತೆರಡು ಸಾವಿರ ಕೇಳುವುದು, ಇಪ್ಪತ್ತಕ್ಕೆ ಒಪ್ಪುವುದು, ಅದು ಕುದುರಿದ ಮೇಲೆ ಸಮಯದ ಮಾತೆತ್ತುವುದು ಎಂದು ಬಾಯಿಪಾಠ ಮಾಡಿಸಿದೆ.

ಇವತ್ತು ಬೆಳಿಗ್ಗೆ ಮಗುವನ್ನೂ ಎತ್ತಿಕೊಂಡು ಹೋದೆವು. ಅಂಗಡಿಯಲ್ಲಿ ಪರೀಕ್ಷೆಗೆಂದು ಕೊಟ್ಟ ಬಟ್ಟೆಯನ್ನು ಅತ್ತೆ ಒಂದು ಗೆರೆಯನ್ನೂ ಅಳಿಸದೆ ಕತ್ತರಿಸಿದರು.

"ಸಂಬಳ?" ಎಂದರು ಯಜಮಾನಿ.

"ಇಪ್ಪತ್ತೆರಡು ಸಾವಿರ."

"ಆಯ್ತು."

ಸಂಬಳದ ಮಾತು ಅಲ್ಲಿಗೆ ಮುಗಿಸಬೇಕಿತ್ತು. ಆದರೆ ಮುಂದೆ ಬಿಚ್ಚಿ ಸಡಿಲಿಸಲೆಂದು ಒಳಗೆ ಎಷ್ಟು ಮಾರ್ಜಿನ್ ಬಿಟ್ಟಿದೆ ಎಂದು ಹೇಳದೆ, ಅತ್ತೆ ಒಂದು ತುಂಡು ಬಟ್ಟೆಯನ್ನೂ ಇನ್ನೊಬ್ಬರ ಕೈಗೆ ಕೊಟ್ಟವರಲ್ಲ.

"ಅದ್ರಲ್ಲಿ ಎರಡು ಸಾವಿರ ಮಾರ್ಜಿನ್ ಇದೆ ಮೇಡಂ" ಎಂದುಬಿಟ್ಟರು!

ನಾನು ಮಗುವಿನ ತಲೆಯ ಹಿಂದೆ ಮುಖ ಮುಚ್ಚಿಕೊಂಡೆ. ಯಜಮಾನಿ ಬಿದ್ದು ಬಿದ್ದು ನಕ್ಕರು. "ಹಾಗಾದ್ರೆ ಕತ್ತರಿಸಿಬಿಡ್ಲಾ ಅದನ್ನ?"

ಅತ್ತೆಯ ಕಿವಿ ಕೆಂಪೇರಿತು. ಆದರೆ ನಾಲಿಗೆ ಎದ್ದಿತು.

"ಸುಮ್ನೆ ಕತ್ತರಿಸ್ಬೇಡಿ. ಅದ್ರ ಬದ್ಲು ನಾಲ್ಕೂವರೆಗೆ ಬಿಡಿ. ಬೆಳಿಗ್ಗೆ ಎಂಟಕ್ಕೇ ಬರ್ತೀನಿ. ಸೊಸೆ ಕೆಲಸಕ್ಕೆ ಹೋಗ್ಬೇಕು, ಮಗೂನ ನಾನು ನೋಡ್ಕೋಬೇಕು."

ಯಜಮಾನಿ ಕತ್ತರಿಸಿದ ಬಟ್ಟೆಯ ಅಂಚನ್ನು ಬೆರಳಲ್ಲಿ ಸವರಿದರು. "ಇಪ್ಪತ್ತೊಂದು. ನಾಲ್ಕೂವರೆಗೆ ಹೊರಡಿ. ಬರೋ ಒಂದನೇ ತಾರೀಖಿಂದ ಬನ್ನಿ."

ಹೊರಗೆ ಬಂದದ್ದೇ ತಡ, ಅತ್ತೆ ತಮ್ಮನ್ನೇ ಬೈದುಕೊಂಡರು. "ಹಾಳು ಬಾಯಿ! ಸಾವಿರ ಹೋಯ್ತಲ್ಲೇ!"

ನಾನು ಕಣ್ಣೊರೆಸಿಕೊಂಡೆ. ತಮಗಾಗಿ ಇಷ್ಟು ವರ್ಷ ಕೇಳದ ಹೆಂಗಸು ನನಗಾಗಿ ಕೇಳಿದ್ದರು. ಏನೋ ಹೇಳಹೊರಟೆ, ಅವರು ಮಗುವನ್ನು ನನ್ನ ಸೊಂಟದಿಂದ ಕಿತ್ತು ತಮ್ಮ ಸೊಂಟಕ್ಕೇರಿಸಿಕೊಂಡರು.

"ಅಳೋದು ಆಮೇಲೆ. ಮೊದಲು ಡಾಕ್ಟರಿಗೆ ಫೋನ್ ಮಾಡು. ಹೆರಿಗೆಗೆ ಮುಂಚಿನ ಸಂಬಳಕ್ಕೇ ತಲೆ ಆಡಿಸ್ಬೇಡ, ಜಾಸ್ತಿ ಕೇಳು."

ರಸ್ತೆ ಬದಿಯಲ್ಲಿ ನಿಂತೇ ಕೇಳಿದೆ. ಯೋಚಿಸಿ ಹೇಳುತ್ತಾರಂತೆ. ಒಂದನೇ ತಾರೀಖಿನಿಂದ ನಾನು ಕೆಲಸಕ್ಕೆ ಹೋಗುವುದಂತೂ ಗಟ್ಟಿ.